ಚಪ್ಪರ ತುಂಬ ಹೂ, ಕಾಯಿ ಮಾತ್ರ ಸೊನ್ನೆ

ನಮ್ಮ ಮನೆ ಉಡುಪಿ ಹತ್ತಿರ ಪರ್ಕಳದಲ್ಲಿ. ಆರು ಸೆಂಟ್ಸ್ ಜಾಗ, ಮನೆ ಬಿಟ್ಟು ಉಳಿದದ್ದರಲ್ಲಿ ಅರ್ಧ ಮುರಕಲ್ಲು. ಒಂದು ಅಡಿ ಅಗೆದರೆ ಪಿಕಾಸಿ ಠಣ್ ಅನ್ನುತ್ತದೆ. ಬಸಳೆ, ಹರಿವೆ, ಅಲಸಂಡೆ ಎಲ್ಲ ಅಕ್ಕಪಕ್ಕದ ಮನೆಯಿಂದಲೇ ಬರುತ್ತದೆ, ಹಾಗಾಗಿ ನಾನು ಬೇರೆ ಎಂತಾದರೂ ಬೆಳೆಯುವ ಅಂತ ಹೊರಟೆ.

ಮೊದಲು ಶರಬತ್ತು ಹಣ್ಣು, ಅಂದರೆ ಪ್ಯಾಶನ್ ಫ್ರೂಟ್. ಮಡಿಕೇರಿಗೆ ಹೋದಾಗ ತಿಂದ ನೇರಳೆ ಬಣ್ಣದ್ದರ ಬೀಜ ತಂದು ಹಾಕಿದ್ದೆ. ಗಿಡ ಎದ್ದಿತು, ಸೊರಗಿತು. ಆ ಜಾತಿಗೆ ತಂಪು ಬೇಕು, ನಮ್ಮ ಸೆಕೆಗೆ ಹಳದಿ ಹಣ್ಣಿನದ್ದೇ ಸರಿ ಅಂತ ಆಮೇಲೆ ಗೊತ್ತಾಯಿತು. ಸ್ನೇಹಿತೆಯ ಮನೆಯ ಹಳದಿ ಬಳ್ಳಿಯಿಂದ ಎರಡು ತುಂಡು ತಂದೆ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅದಕ್ಕೆ ಸುಡುಮಣ್ಣು, ಹಟ್ಟಿಗೊಬ್ಬರ ಸೇರಿಸಿ ಎತ್ತರಕ್ಕೆ ದಿಬ್ಬ ಮಾಡಿ ನೆಟ್ಟೆ. ಅಡಿಕೆ ಸಲಾಕೆಯ ಚಪ್ಪರ ಹಾಕಿದೆ.

ಮರುವರ್ಷ ಹೂವೋ ಹೂವು! ಬಿಳಿ ಎಸಳಿನ ಮೇಲೆ ನೇರಳೆ ಕೂದಲಿನ ಸುತ್ತು, ನೋಡಲಿಕ್ಕೇ ಚಂದ. ಸಂಜೆಗೆ ಮುದುಡಿ, ನಾಲ್ಕೈದು ದಿನದಲ್ಲಿ ನೆಲಕ್ಕೆ. ಒಂದೇ ಒಂದು ಕಾಯಿ ಇಲ್ಲ. ಗೊಬ್ಬರ ಕಡಿಮೆ ಅಂದರು, ಹಾಕಿದೆ. ಎಲೆ ಮಾತ್ರ ಜಾಸ್ತಿ ಆಯಿತು. "ಆ ಗೊಬ್ಬರ ಬಸಳೆಗೆ ಹಾಕಿದ್ರೆ ಇಡೀ ಓಣಿಗೆ ಊಟ ಆಗ್ತಿತ್ತು ಮಾರಾಯ್ತಿ" ಅಂತ ಅಮ್ಮ ಹೇಳಿದ್ದು ಸುಳ್ಳೇನಲ್ಲ.

ತಪ್ಪು ನಾನು ತಂದ ತುಂಡುಗಳಲ್ಲೇ ಇತ್ತು. ಹಳದಿ ಜಾತಿಯ ಹೂವಿಗೆ ತನ್ನದೇ ಬಳ್ಳಿಯ ಪರಾಗ ಆಗುವುದಿಲ್ಲ, ಬೇರೆ ಬಳ್ಳಿಯದ್ದೇ ಬೇಕು. ನನ್ನ ಹತ್ತಿರ ಎರಡು ಬಳ್ಳಿ ಇತ್ತು ನಿಜ, ಆದರೆ ಎರಡೂ ಒಂದೇ ತಾಯಿಯ ತುಂಡು, ಲೆಕ್ಕಕ್ಕೆ ಒಂದೇ! ಮತ್ತೆ ಬೇರೆಯವರ ಮನೆಯ ಹಣ್ಣಿನ ಬೀಜದಿಂದ ಇನ್ನೆರಡು ಗಿಡ ಎಬ್ಬಿಸಿದೆ. ಅಷ್ಟರಲ್ಲಿ ಇನ್ನೊಂದು ವರ್ಷ ಹೋಯಿತು.

ಪರಾಗವನ್ನು ಒಂದು ಬಳ್ಳಿಯಿಂದ ಇನ್ನೊಂದಕ್ಕೆ ದಾಟಿಸುವುದು ದೊಡ್ಡ ಕಪ್ಪು ದುಂಬಿ. ಜೇನುನೊಣ ಪರಾಗ ಕದ್ದು ಹೋಗುತ್ತದೆ ಅಷ್ಟೆ, ಅದರ ಮೈ ಸಣ್ಣದು. ನಮ್ಮಲ್ಲಿ ದುಂಬಿ ಕಡಿಮೆ, ಅದಕ್ಕೆ ನಾನೇ ದುಂಬಿ. ಹೂ ಅರಳುವುದು ಮಧ್ಯಾಹ್ನ. ಅರಳಿದಾಗ ನಡುವಿನ ಮೂರು ಗುಂಡು ತುದಿಗಳು ಮೇಲೆ ನೋಡುತ್ತಿರುತ್ತವೆ. ಗಂಟೆಯೊಳಗೆ ಛತ್ರಿ ಕಡ್ಡಿಯ ಹಾಗೆ ಬಾಗಿ ಕೆಳಗೆ ಬರುತ್ತವೆ. ಆಗ ಬೇರೆ ಬಳ್ಳಿಯ ಹೂವಿನಿಂದ ಹಳದಿ ಹುಡಿ ಬೆರಳಿಗೆ ಅಂಟಿಸಿಕೊಂಡು ಆ ಮೂರಕ್ಕೂ ಸವರಬೇಕು. ಮಳೆ ಬಂದ ದಿನ ಸುಮ್ನೆ ಇರಬೇಕು, ನೀರು ಬಿದ್ದರೆ ಪರಾಗ ಒಡೆದು ಹೋಗುತ್ತದೆ. ಬಾಗದ ಹೂಗಳೂ ಕೆಲವು ಇರುತ್ತವೆ, ಅವು ಕಾಯಿ ಕಟ್ಟುವುದಿಲ್ಲ, ಬಿಟ್ಟುಬಿಡುತ್ತೇನೆ. ಎರಡು ತಿಂಗಳು ದಾಟಿದ ಮೇಲೆ ಹಣ್ಣು ತಾನೇ ಉದುರುತ್ತದೆ, ಕೀಳಬಾರದು. ಬೆಳಿಗ್ಗೆ ಇಲಿ ಏಳುವ ಮೊದಲು ಹೆಕ್ಕಬೇಕು ಅನ್ನೋಣ ಅಂದರೆ ಇಲಿ ಮಲಗುವುದೇ ಇಲ್ಲ, ಅಲ್ವಾ? ಕೆಳಗೆ ಬಲೆ ಕಟ್ಟಿದ್ದೇನೆ.

ರೆಕ್ಕೆ ಅವರೆ, ಅಂದರೆ ವಿಂಗ್ಡ್ ಬೀನ್ ಬಳ್ಳಿಯದ್ದು ಇನ್ನೊಂದು ಕಥೆ. ಬೀಜದ ಸಿಪ್ಪೆ ಗಟ್ಟಿ, ರಾತ್ರಿಯಿಡೀ ನೀರಿನಲ್ಲಿ ಹಾಕಿ ಮೇ ಕೊನೆಗೆ ಬಿತ್ತಿದೆ. ಮಳೆಗಾಲ ಪೂರ್ತಿ ಚಪ್ಪರ ಮುಚ್ಚುವಷ್ಟು ಎಲೆ, ಹೂವಿನ ಸುದ್ದಿಯೇ ಇಲ್ಲ. ಚೌತಿ ಕಳೆದ ಮೇಲೆ ಅಮ್ಮ ಕತ್ತಿ ಹಿಡಿದು ಬಂದರು. ಒಂದು ತಿಂಗಳು ಅವಕಾಶ ಕೇಳಿಕೊಂಡೆ. ಹಗಲು ಸಣ್ಣದಾಗದೆ ಈ ಗಿಡ ಹೂ ಬಿಡುವುದಿಲ್ಲ, ಎಷ್ಟು ಬೇಗ ಬಿತ್ತಿದರೂ ಅಷ್ಟೆ. ದೀಪಾವಳಿ ಹೊತ್ತಿಗೆ ತಿಳಿ ನೀಲಿ ಹೂ ಬಂತು, ಜಗಲಿಯ ಲೈಟ್ ಬೀಳುವ ಕಡೆ ಮಾತ್ರ ತಡ. ಅದು ಲೈಟಿನದ್ದೇ ಉಪದ್ರ ಅಂತ ನನ್ನ ಅಂದಾಜು, ಈಗ ರಾತ್ರಿ ಆರಿಸುತ್ತೇನೆ. ಕಾಯಿ ಎಳತರಲ್ಲೇ ಕೊಯ್ಯಬೇಕು, ಎರಡು ದಿನ ಮರೆತರೆ ನಾರು. ಅಡ್ಡಕ್ಕೆ ಕೊಯ್ದರೆ ನಾಲ್ಕು ಮೂಲೆಯ ನಕ್ಷತ್ರ. ತೆಂಗಿನತುರಿ ಹಾಕಿ ಪಲ್ಯ ಮಾಡಿದ ದಿನ ಅಮ್ಮ ಎರಡು ಸಲ ಬಡಿಸಿಕೊಂಡರು, ಮಾತಾಡಲಿಲ್ಲ.

ಚಾಯಾ ಅಂದರೆ ಎಲೆಯನ್ನು ಸೊಪ್ಪಿನ ಹಾಗೆ ಬೇಯಿಸಿ ತಿನ್ನುವ ಒಂದು ಗಿಡ, ಅದರ ಬಗ್ಗೆ ಹೇಳಲಿಕ್ಕೆ ಜಾಸ್ತಿ ಇಲ್ಲ. ಕೋಲು ಊರಿದರೆ ಸಾಕು, ಮುರಕಲ್ಲಿನ ಸಂದಿಯಲ್ಲೂ ಬರುತ್ತದೆ. ಹಸಿ ಮಾತ್ರ ತಿನ್ನಬಾರದು, ಅದರಲ್ಲಿ ಸಯನೈಡ್ ಅಂಶ ಇದೆ. 20 ನಿಮಿಷ ಮುಚ್ಚಳ ತೆಗೆದೇ ಬೇಯಿಸುತ್ತೇನೆ. ಯಾರಾದರೂ ಕೋಲು ಕೇಳಿದರೆ ಮೊದಲು ಇದನ್ನು ಹೇಳಿ, ಆಮೇಲೆ ಕತ್ತಿ ತರುತ್ತೇನೆ.