ಡಿಪೆಂಡೆಂಟ್ ವೀಸಾದಲ್ಲಿ ಕೊಡಗಿನಿಂದ ಹೊರಡುವ ಮೊದಲು: ಕೆಲಸದ ಹಕ್ಕು, ಕಾಗದಪತ್ರ, ತೋಟದ ಲೆಕ್ಕ

ಸಂಗಾತಿಯ ಜೊತೆ ಡಿಪೆಂಡೆಂಟ್ (ಅವಲಂಬಿತರ) ವೀಸಾದಲ್ಲಿ ವಿದೇಶಕ್ಕೆ ಹೋದ ಮೇಲೆ ಕೆಲಸ ಮಾಡಬಹುದೇ ಎಂಬುದಕ್ಕೆ ಉತ್ತರ ಇರುವುದು ನಿಮ್ಮ ವೀಸಾದಲ್ಲಲ್ಲ, ಕರೆದೊಯ್ಯುತ್ತಿರುವ ಗಂಡ ಅಥವಾ ಹೆಂಡತಿಯ ಕಾಗದಗಳಲ್ಲಿ. ಇಲ್ಲಿನ ಕೆಲಸಕ್ಕೆ ರಾಜೀನಾಮೆ ಬರೆಯುವ ಮೊದಲು ಅವನ್ನು ತರಿಸಿ ಓದಿ.

ಅಮೆರಿಕದ ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಸಂಗಾತಿಗೆ ಸಿಗುವುದು, ಹೆಚ್ಚು ಕಾಡುವ ವೀಸಾ. ಓದಬಹುದು, ದುಡಿಯುವಂತಿಲ್ಲ. 2015ರ ಮೇ 26ರಿಂದ ಕೆಲವರಿಗೆ ಮಾತ್ರ ಇಎಡಿ, ಅಂದರೆ ಕೆಲಸದ ಪರವಾನಗಿ ಕಾರ್ಡು, ಸಿಗುತ್ತಿದೆ: ಸಂಗಾತಿಯ ಐ-140 (ಗ್ರೀನ್ ಕಾರ್ಡಿಗಾಗಿ, ಅಂದರೆ ಕಾಯಂ ವಾಸದ ಹಕ್ಕಿಗಾಗಿ, ಕಂಪನಿ ಹಾಕುವ ಅರ್ಜಿ) ಮಂಜೂರಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಪ್ರಕ್ರಿಯೆಯ ಕಾರಣಕ್ಕೆ ಅವರ ಎಚ್-1ಬಿ ಆರು ವರ್ಷದಾಚೆಗೆ ವಿಸ್ತರಣೆಯಾಗಿರಬೇಕು. ‘ಕಂಪನಿ ಗ್ರೀನ್ ಕಾರ್ಡಿಗೆ ಹಾಕಿದೆ’ ಎಂಬ ಮಾತು ಸಾಲದು, ಮಂಜೂರಾತಿ ಪತ್ರವನ್ನೇ ಕೇಳಿ. ಇಎಡಿಗೆ ಅರ್ಜಿ ನಮೂನೆ ಐ-765, ವರ್ಗ ಸಿ-26. ಜೊತೆಗೆ ನಿಮ್ಮ ಐ-94 (ಅಮೆರಿಕ ಪ್ರವೇಶದ ದಾಖಲೆ), ಮದುವೆ ಪ್ರಮಾಣಪತ್ರ, ಅವರ ಐ-140 ಮತ್ತು ಎಚ್-1ಬಿ ಮಂಜೂರಾತಿಯ ಪ್ರತಿ. ಬೆಂಗಳೂರಿನ ಕಂಪನಿಗೆ ಅಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ದುಡಿದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಲೆಕ್ಕಾಚಾರ ಬೇಡ. ಸಂಬಳ ಎಲ್ಲಿಗೆ ಜಮೆಯಾದರೂ ನೀವು ಕೂತು ದುಡಿಯುವುದು ಅಮೆರಿಕದ ನೆಲದಲ್ಲಿ.

ಈ ಕಾರ್ಡಿನ ನವೀಕರಣದಲ್ಲೇ ಬಹಳ ಮಂದಿ ಎಡವುವುದು. 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ ಹಳೆ ಕಾರ್ಡಿನ ಅವಧಿ ತಾನಾಗಿ ಮುಂದುವರಿಯುವ ಹಿಂದಿನ ಸೌಲಭ್ಯ ಇಲ್ಲ. ಕಾರ್ಡಿನ ದಿನಾಂಕ ದಾಟಿದರೆ ಹೊಸದು ಕೈಸೇರುವವರೆಗೆ ಕೆಲಸ ನಿಲ್ಲಿಸಲೇಬೇಕು. ಹಾಗಾಗಿ ಅವಧಿ ಮುಗಿಯಲು 180 ದಿನ ಇರುವಾಗಲೇ ಅರ್ಜಿ ಹಾಕಿ.

ಎಲ್-1 ವೀಸಾದಲ್ಲಿ (ಕಂಪನಿಯೇ ತನ್ನ ನೌಕರರನ್ನು ಅಮೆರಿಕದ ಶಾಖೆಗೆ ವರ್ಗ ಮಾಡುವುದು) ಹೋದವರ ಸಂಗಾತಿಗೆ ಈ ತಾಪತ್ರಯವಿಲ್ಲ. ಐ-94ರಲ್ಲಿ ‘ಎಲ್-2ಎಸ್’ ಎಂದಿದ್ದರೆ ಪ್ರತ್ಯೇಕ ಕಾರ್ಡು ಬೇಡ. ‘ಎಸ್’ ಬಿಟ್ಟುಹೋಗಿದ್ದರೆ ತಿದ್ದಿಸಿಕೊಳ್ಳಿ.

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ (ಕುಶಲ ಕೆಲಸಗಾರರ) ವೀಸಾದವರ ಅವಲಂಬಿತರು ಹೆಚ್ಚುಕಡಿಮೆ ಯಾವ ಕೆಲಸವನ್ನಾದರೂ ಮಾಡಬಹುದು, ವೃತ್ತಿಪರ ಕ್ರೀಡಾಪಟು ಅಥವಾ ಕೋಚ್ ಆಗುವಂತಿಲ್ಲ (ಹಾಕಿ ಸ್ಟಿಕ್ ಹಿಡಿದು ಹೊರಟವರು ಗಮನಿಸಿ). ಆದರೆ 2024ರ ಮಾರ್ಚ್ 11ರ ನಂತರ ಕೇರ್ ವರ್ಕರ್ (ವೃದ್ಧರು, ರೋಗಿಗಳ ಆರೈಕೆ ಮಾಡುವವರ) ವೀಸಾ ಪಡೆದವರು ಕುಟುಂಬವನ್ನು ಕರೆಸಿಕೊಳ್ಳುವಂತೆಯೇ ಇಲ್ಲ. ಏಜೆಂಟ್ ಬೇರೆ ಹೇಳಿದರೆ ನಂಬಬೇಡಿ. ಕೆನಡಾದಲ್ಲಿ 2025ರ ಜನವರಿ 21ರಿಂದ ಸಂಗಾತಿಯ ಓಪನ್ ವರ್ಕ್ ಪರ್ಮಿಟ್ (ಯಾವ ಕಂಪನಿಯಲ್ಲಾದರೂ ದುಡಿಯುವ ಪರವಾನಗಿ) ಬಿಗಿಯಾಗಿದೆ. ವಿದ್ಯಾರ್ಥಿಗಳ ಪೈಕಿ ಮುಖ್ಯವಾಗಿ 16 ತಿಂಗಳು ಅಥವಾ ಮೀರಿದ ಸ್ನಾತಕೋತ್ತರ ಕೋರ್ಸು, ಪಿಎಚ್‌ಡಿ ಮಾಡುವವರ ಸಂಗಾತಿಗೆ ಸಿಗುತ್ತದೆ. ದುಬೈಯಲ್ಲಿ ಗಂಡನ ವೀಸಾದಲ್ಲಿದ್ದುಕೊಂಡೇ ದುಡಿಯಬಹುದು, ಆದರೆ ಕೆಲಸ ಕೊಡುವವರು ಮೊದಲು ವರ್ಕ್ ಪರ್ಮಿಟ್ ಮಾಡಿಸಬೇಕು. ಅಲ್ಲಿಗೆ ಮದುವೆ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿಯ ದೃಢೀಕರಣವೂ ಬೇಕು.

ಕೊಡವರಿಗೆ ಹೆಸರಿನದೇ ತಕರಾರು. ಅಂಕಪಟ್ಟಿಯಲ್ಲಿ ‘ಎಂ. ಎ. ಕಾವೇರಮ್ಮ’, ಆಧಾರ್‌ನಲ್ಲಿ ಒಕ್ಕದ (ಮನೆತನದ) ಪೂರ್ಣ ಹೆಸರು, ಮದುವೆ ನೋಂದಣಿಯಲ್ಲಿ ಗಂಡನ ಒಕ್ಕದ ಹೆಸರು. ವೀಸಾಕ್ಕೆ ಗಂಡನ ಮನೆ ಹೆಸರು ಬೇಕಿಲ್ಲ, ಮದುವೆಯ ಪುರಾವೆ ಸಾಕು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಅಕ್ಷರ ತಪ್ಪದೆ ಬರೆಸಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಕಡೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. ಆಮೇಲೆ ಬ್ಯಾಂಕು, ಲೈಸೆನ್ಸು ಎಲ್ಲೆಡೆ ರಗಳೆ. ಅರ್ಜಿಗೆ ಮೊದಲೇ ಸರಿಪಡಿಸಿ.

ಇನ್ನು ತೋಟ. ಹೊರಟ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಖಾತೆ) ಮಾಡಿಸಬೇಕು. ಅಮೆರಿಕದಲ್ಲಿ ತೆರಿಗೆ ನಿವಾಸಿಯಾದರೆ ಇಲ್ಲಿನ ಕೃಷಿ ಆದಾಯವೂ ಅಲ್ಲಿನ ಲೆಕ್ಕಕ್ಕೆ ಬರುತ್ತದೆ. ಅಪ್ಪನ ಜೊತೆಗಿನ ಜಂಟಿ ಖಾತೆಗೆ ಕಾಫಿ ಮಾರಿದ ಹಣ ಬಂದು, ನಿಮ್ಮ ಭಾರತೀಯ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದೇ ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ (ವಿದೇಶಿ ಖಾತೆಗಳ ವಿವರ) ಅನ್ನು ಅಮೆರಿಕ ಸರ್ಕಾರಕ್ಕೆ ಸಲ್ಲಿಸಬೇಕು. ಅನಿವಾಸಿಯಾದ ಮೇಲೆ ಕೃಷಿ ಭೂಮಿ, ತೋಟ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ವಾರಸಿನಿಂದ ಬಂದರೆ, ಅಥವಾ ಇಲ್ಲಿದ್ದಾಗಲೇ ನಿಮ್ಮದಾಗಿದ್ದರೆ ಇಟ್ಟುಕೊಳ್ಳಬಹುದು. ಅಪ್ಪ ದಾನಪತ್ರ ಬರೆಯುವ ಯೋಚನೆಯಲ್ಲಿದ್ದರೆ, ವಿಮಾನ ಹತ್ತುವ ಮೊದಲೇ ನೋಂದಣಿ ಮುಗಿಸಿ.