ಕೇಕಿಗೆ ಸರಿ, ಚಾಕೊಲೇಟಿಗೆ ಜೋಕೆ: ಖರ್ಜೂರದ ಪಾಕ ಮಾಡುವುದು ಹೇಗೆ?

ಅಡುಗೆಗೆ ಹಾಕುವ ಹುಳಿರಸ ಕಾಚಂಪುಳಿ ಕಾಯಿಸುವುದನ್ನು ನೋಡಿದ ಕೊಡಗಿನವರಿಗೆ ಇದು ಹೊಸ ಕೆಲಸವೇನಲ್ಲ. ಹಣ್ಣಿನ ರಸ ಬತ್ತಿಸಿ ಕಪ್ಪಗೆ, ಮಂದಗೆ ಮಾಡುವುದು. ಅಲ್ಲಿ ಹುಳಿ, ಇಲ್ಲಿ ಸಿಹಿ, ಅಷ್ಟೆ.

ಅರ್ಧ ಕಿಲೋ ಮೆತ್ತಗಿನ ಖರ್ಜೂರ ತನ್ನಿ. ಒಂದೊಂದನ್ನೂ ಬಿಡಿಸಿ, ಬೀಜ ತೆಗೆದು ನೋಡಿ. ಒಳಗೆ ಹುಳ, ಬೂಷ್ಟು ಇರುವುದುಂಟು. ಒಂದು ಲೀಟರ್ ಬಿಸಿ ನೀರಿನಲ್ಲಿ ಎರಡು ಗಂಟೆ ನೆನೆಸಿ. ಆಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ, ಸೌಟಿನಿಂದ ಮಸೆದು ತೆಳು ಬಟ್ಟೆಯಲ್ಲಿ ಸೋಸಿ. ಮಿಕ್ಸಿ ಬೇಡ. ನಾರು ನುಣ್ಣಗಾಗಿ ಬಟ್ಟೆಯಿಂದ ಇಳಿದು ಪಾಕ ಕದಡುತ್ತದೆ.

ಸೋಸಿದ ರಸವನ್ನು ಅಗಲ ಬಾಣಲೆಯಲ್ಲಿ ಬತ್ತಿಸಿ. ಕೊನೆಕೊನೆಗೆ ಕೈ ಬಿಡದೆ ತಿರುವಬೇಕು, ಬೇಗ ತಳ ಹಿಡಿಯುತ್ತದೆ. ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟಾಗ ಜೇನಿನಂತೆ ನಿಧಾನ ಹರಿದರೆ ಸಾಕು. ಕಾಫಿ ಹಣ್ಣಿನ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ತೋಟದಲ್ಲಿದ್ದರೆ ಇನ್ನೂ ಒಳ್ಳೆಯದು. ತಣ್ಣಗಾದ ಪಾಕ 75ರ ಹತ್ತಿರ ತೋರಿಸಲಿ. ಅಳತೆಯ ಮಿತಿ ಮೀರಿ ಮಂದವಾಗಿದ್ದರೆ ಪಾಕದ ಎರಡರಷ್ಟು ತೂಕದ ನೀರು ಬೆರೆಸಿ ನೋಡಿ, ಬಂದ ಅಂಕಿಯನ್ನು ಮೂರರಿಂದ ಗುಣಿಸಿ.

ಕೇಕಿಗೆ 100 ಗ್ರಾಂ ಸಕ್ಕರೆ ಬದಲು ಸುಮಾರು 130 ಗ್ರಾಂ ಪಾಕ ಹಾಕಿ, ಹಾಲನ್ನು 30 ಮಿ.ಲೀ. ಕಡಿಮೆ ಮಾಡಿ. ಪಾಕದಲ್ಲೇ ಅಷ್ಟು ನೀರಿರುತ್ತದೆ. ಇದರಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್ ಬೇಗ ಕೆಂಪಾಗುತ್ತವೆ. ಹಾಗಾಗಿ ಓವನ್ ಬಿಸಿ 10ರಿಂದ 15 ಡಿಗ್ರಿ ಇಳಿಸಿ. ಬೆಣ್ಣೆ-ಸಕ್ಕರೆ ನೊರೆ ಬರಿಸಿ ಮಾಡುವ ಸ್ಪಂಜಿಗೆ ಇದು ಹೊಂದುವುದಿಲ್ಲ. ಬಾಳೆಹಣ್ಣಿನ ಕೇಕಿಗೆ ಸೊಗಸು.

ಇನ್ನು ಚಾಕೊಲೇಟ್. ಮಡಿಕೇರಿ, ಕುಶಾಲನಗರದ ಕಡೆ ಮನೆ ಚಾಕೊಲೇಟ್ ಮಾಡಿ ಮಾರುವವರು ಇಲ್ಲಿ ಹುಷಾರು. ಕರಗಿದ ಚಾಕೊಲೇಟಿಗೆ ಸ್ವಲ್ಪ ಪಾಕ ಬಿದ್ದರೂ ಅದರ ನೀರಿಗೆ ಕೋಕೋ, ಸಕ್ಕರೆ ಪುಡಿ ಅಂಟಿಕೊಂಡು ಇಡೀ ಪಾತ್ರೆ ಗಂಟಾಗುತ್ತದೆ. ಮತ್ತೆ ಅಚ್ಚಿಗೆ ಹೊಯ್ಯಲಾಗದು. ಪಾಕ ಹಾಕಲೇಬೇಕೆಂದರೆ ಬಿಸಿ ಕ್ರೀಮಿಗೆ ಬೆರೆಸಿ, ಆ ಕ್ರೀಮನ್ನು ಚಾಕೊಲೇಟಿಗೆ ಹಾಕಿ ಒಳಗಿನ ಹೂರಣ ಮಾಡಿ. ಅದು ಫ್ರಿಜ್ಜಿನಲ್ಲೇ ಇರಬೇಕು. ಕಕ್ಕಡ ತಿಂಗಳ ಮಳೆಯಲ್ಲಿ ಮಾಡುವ ಮದ್ದು ಸೊಪ್ಪಿನ ಪಾಯಸಕ್ಕೆ ಮಾತ್ರ ಬೆಲ್ಲವೇ ಇರಲಿ, ಸುಮ್ನೆ ಅದನ್ನು ಕೆಡಿಸುವುದೇಕೆ?

ಮಳೆಗಾಲದಲ್ಲಿ ಪಾಕ ಗಾಳಿಯ ತೇವ ಎಳೆದುಕೊಂಡು ಮೇಲ್ಭಾಗ ತೆಳುವಾಗುತ್ತದೆ, ಅಲ್ಲಿಂದಲೇ ಹುಳಿ ಬರಲು ಶುರು. ಒಣಗಿದ ಸಣ್ಣ ಬಾಟಲಿಗಳಿಗೆ ಬಿಸಿಬಿಸಿಯಾಗಿ ತುಂಬಿ ಬಿಗಿಯಾಗಿ ಮುಚ್ಚಿ. ತೆರೆದದ್ದನ್ನು ಫ್ರಿಜ್ಜಿನಲ್ಲಿಡಿ. ಮಾರುವವರು ಲೇಬಲ್ ಮೇಲೆ ‘ಸಕ್ಕರೆ ರಹಿತ’ ಎಂದು ಬರೆಯಬೇಡಿ. ಪಾಕದ ಬಹುಪಾಲು ಸಕ್ಕರೆಯೇ, ಸಕ್ಕರೆ ಕಾಯಿಲೆಯವರು ನಂಬಿ ತಿಂದಾರು.