ಹಿತ್ತಲಿನ ಪತಂಗ: ನೋಡುವುದು ಹೇಗೆ, ಬರೆದಿಡುವುದು ಹೇಗೆ?

ವರಾಂಡದ ಬಲ್ಬಿಗೆ ಬಂದು ಗೋಡೆಗೆ ಅಂಟಿ ಕೂತದ್ದನ್ನೆಲ್ಲ ‘ದೀಪದ ಹುಳ’ ಎಂದು ಒಂದೇ ಮಾತಲ್ಲಿ ಮುಗಿಸುವುದು ರೂಢಿ. ಅವುಗಳಲ್ಲಿ ಬಹಳಷ್ಟು ಪತಂಗಗಳು. ಭಾರತದಲ್ಲಿ ಚಿಟ್ಟೆಗಳ ಬಗೆ ಒಂದೂವರೆ ಸಾವಿರದೊಳಗೆ; ಪತಂಗಗಳದ್ದು 10 ಸಾವಿರಕ್ಕೂ ಹೆಚ್ಚು. ನೋಡಲು ಬೇಕಾದದ್ದು ಒಂದು ಹಳೆಯ ಬಿಳಿ ಪಂಚೆ, ಬಲ್ಬು, ಮೊಬೈಲು ಮತ್ತು ನೋಟ್‌ಬುಕ್. ಕೊನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ.

ಮೊದಲು ಹಗಲಿನ ಕೆಲಸ

ರಾತ್ರಿಗೆ ಕಾಯಬೇಕಿಲ್ಲ, ಗಿಡದ ಬುಡ ನೋಡಿ. ನಂದಿಬಟ್ಟಲು ಅಥವಾ ಕಣಗಿಲೆಯ ಕೆಳಗೆ ಮೆಣಸಿನ ಕಾಳಿನಷ್ಟು ದಪ್ಪದ ಕಡುಹಸಿರು ಹಿಕ್ಕೆ ಬಿದ್ದಿದ್ದರೆ ನೇರ ಮೇಲಿನ ಕೊಂಬೆಯಲ್ಲಿ ಹುಡುಕಿ. ಬೆರಳಿನಷ್ಟು ದಪ್ಪದ ಹಸಿರು ಹುಳ, ತಲೆಯ ಹಿಂದೆ ನೀಲಿ ಕಣ್ಣಿನಂಥ ಎರಡು ಚುಕ್ಕೆ, ಬಾಲದಲ್ಲೊಂದು ಕೊಂಬು ಇದ್ದರೆ ಅದು ಕಣಗಿಲೆ ಹಾಕ್ ಪತಂಗದ ಮರಿ. ಎರಡು ದಿನದ ನಂತರ ಅದೇ ಹುಳ ಕಂದು ಬಣ್ಣಕ್ಕೆ ತಿರುಗಿ ನೆಲಕ್ಕಿಳಿದರೆ ರೋಗವೆಂದು ತಿಳಿಯಬೇಡಿ. ಒಣ ಎಲೆಯಡಿ ಕೋಶವಾಗಲು ಜಾಗ ಹುಡುಕುತ್ತಿದೆ. ಕೆಸು ಮತ್ತು ಹರಳು ಗಿಡಗಳನ್ನೂ ಬಿಡಬೇಡಿ. ನುಗ್ಗೆ ಮರದ ಕಾಂಡದಲ್ಲಿ ಗುಂಪಾಗಿರುವ ಕಂಬಳಿಹುಳವೂ ಪತಂಗದ ಮರಿಯೇ, ಆದರೆ ಮುಟ್ಟಿದರೆ ತುರಿಕೆ ಖಾತ್ರಿ.

ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದನೆಯ ಸೊಂಡಿಲಲ್ಲಿ ಮಕರಂದ ಹೀರುವುದನ್ನು ಸೂರಕ್ಕಿ ಎಂದುಕೊಳ್ಳುವವರಿದ್ದಾರೆ. ಅದೂ ಪತಂಗವಿರಬಹುದು, ಹಗಲಲ್ಲೇ ಹಾರುವ ಬಗೆಗಳು ಸಾಕಷ್ಟಿವೆ. ಚಿಟ್ಟೆಯೋ ಪತಂಗವೋ ಎಂಬ ಅನುಮಾನ ಬಂದರೆ ಕುಡಿಮೀಸೆ ನೋಡಿ: ಚಿಟ್ಟೆಯದ್ದರ ತುದಿ ಗುಂಡಿಯಂತೆ ಉಬ್ಬಿರುತ್ತದೆ, ಪತಂಗದ್ದು ದಾರದಂತೆ ಅಥವಾ ಗರಿಯಂತೆ ಇರುತ್ತದೆ. ಅಪವಾದಗಳಿದ್ದರೂ ಹಿತ್ತಲಿಗೆ ಈ ಗುರುತು ಸಾಕು.

ಪರದೆ ಕಟ್ಟುವುದು

ಅಮಾವಾಸ್ಯೆಯ ಆಸುಪಾಸಿನ, ಗಾಳಿಯಿಲ್ಲದ, ಸೆಕೆಯ ರಾತ್ರಿ ಆರಿಸಿ. ಹುಣ್ಣಿಮೆಯ ಬೆಳಕಲ್ಲಿ ಬಲ್ಬಿಗೆ ಬರುವ ಸಂಖ್ಯೆ ಇಳಿಯುತ್ತದೆ. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಸುಮಾರು 2 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಹತ್ತಿಬಟ್ಟೆ ಇಳಿಬಿಡಿ. ಕೆಳಗಿನ ಒಂದಡಿಯನ್ನು ನೆಲದ ಮೇಲೆ ಮುಂದಕ್ಕೆ ಹಾಸಿ ಕಲ್ಲಿಡಿ. ಬಹಳಷ್ಟು ಪತಂಗಗಳು ಪರದೆಗೆ ಡಿಕ್ಕಿ ಹೊಡೆದು ಕೆಳಗೇ ಬೀಳುತ್ತವೆ, ಹಾಸು ಇಲ್ಲದಿದ್ದರೆ ಹುಲ್ಲಲ್ಲಿ ನಿಮ್ಮ ಕಾಲಡಿ ಸಿಕ್ಕಿ ಸಾಯುತ್ತವೆ. ಸಿಂಥೆಟಿಕ್ ಬಟ್ಟೆ ಬೇಡ, ಜಾರುತ್ತದೆ.

ಬೆಚ್ಚನೆಯ ಹಳದಿ ಎಲ್‌ಇಡಿಗೆ ಬರುವುದು ಕಡಿಮೆ, ಏಕೆಂದರೆ ಪತಂಗದ ಕಣ್ಣಿಗೆ ಬೇಕಾದ ನೀಲಿ ಮತ್ತು ಅತಿನೇರಳೆ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ಬಿಳಿ ಸಿಎಫ್‌ಎಲ್ ಇದ್ದರೆ ಅದೇ ಹಚ್ಚಿ. ಖರ್ಚು ಮಾಡುವುದಾದರೆ 365 ನ್ಯಾನೋಮೀಟರಿನ ಅತಿನೇರಳೆ ಎಲ್‌ಇಡಿ ಟಾರ್ಚ್ ಒಳ್ಳೆಯದು. ಅದನ್ನು ನೇರ ದಿಟ್ಟಿಸಬೇಡಿ. 160 ವ್ಯಾಟಿನ ಮರ್ಕ್ಯುರಿ ಬಲ್ಬು ತುಂಬ ಪತಂಗ ತರುತ್ತದೆ ನಿಜ, ಆದರೆ ಕಾದ ಗಾಜಿನ ಮೇಲೆ ಒಂದು ಮಳೆಹನಿ ಬಿದ್ದರೂ ಒಡೆಯಬಹುದು. ಮೇಲೊಂದು ತಗಡಿನ ಮಾಡು ಇಲ್ಲದೆ ಹಚ್ಚಬೇಡಿ.

ಸಂಜೆ 7ರಿಂದ 10 ಒಳ್ಳೆಯ ಹೊತ್ತು. ಚಂದ್ರ ಪತಂಗದಂಥ ದೊಡ್ಡವು ಕೆಲವು ನಡುರಾತ್ರಿ ಮೀರಿ ಬರುತ್ತವೆ. ಮೊದಲ ಮಳೆಯ ಸಂಜೆ ಗೆದ್ದಲಿನ ರೆಕ್ಕೆಹುಳ ಪರದೆಯನ್ನೇ ಮುಚ್ಚಿಬಿಟ್ಟರೆ ದೀಪ ಆರಿಸಿ, ಅರ್ಧ ಗಂಟೆ ಬಿಟ್ಟು ಹಚ್ಚಿ. ಇರುವೆಯಂತೆ ಕಾಣುವ, ಕಿತ್ತಳೆ–ಕಪ್ಪು ಪಟ್ಟೆಯ ಪುಟ್ಟ ಜೀರುಂಡೆ ಕುತ್ತಿಗೆಯ ಮೇಲೆ ಹತ್ತಿದರೆ ಹೊಸಕಬೇಡಿ, ಊದಿ ಹಾರಿಸಿ. ಅರೆದರೆ ಅದರ ದ್ರವ ತಾಗಿ ಮರುದಿನ ಸುಟ್ಟ ಗಾಯದಂಥ ಬೊಬ್ಬೆ ಏಳುತ್ತದೆ.

ಬೆಳಗಿನವರೆಗೆ ದೀಪ ಉರಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕಾಜಾಣ, ಪಿಕಳಾರಗಳಿಗೆ ಅದು ತಟ್ಟೆ ಹಾಕಿ ಬಡಿಸಿದಂತೆ. ಮುಗಿಸುವಾಗ ದೀಪ ಆರಿಸಿ, ಪರದೆಯನ್ನು ಪೊದೆಯ ಹತ್ತಿರ ಮೆಲ್ಲಗೆ ಕೊಡವಿ. ವಾರಕ್ಕೆ ಒಂದು ರಾತ್ರಿ ಸಾಕು.

ದೀಪಕ್ಕೆ ಬಾರದ ಬಗೆಗಳಿಗೆ ಪಾಕ: ಅರ್ಧ ಕಿಲೋ ಬೆಲ್ಲವನ್ನು ಒಂದು ಲೋಟ ನೀರಲ್ಲಿ ಕರಗಿಸಿ, ಕಪ್ಪಾದ ಮೂರು ಬಾಳೆಹಣ್ಣು ಕಿವುಚಿ, ಬೇಕಿದ್ದರೆ ಅರ್ಧ ಲೋಟ ಬಿಯರ್ ಸೇರಿಸಿ ಒಂದು ದಿನ ಹುಳಿಬರಲು ಬಿಡಿ. ಮುಸ್ಸಂಜೆ ಕಾಂಡಕ್ಕೆ ಬಳಿಯಿರಿ. ನಮ್ಮಲ್ಲಿ ಕೆಡುವುದು ಇರುವೆಯಿಂದ; ಕಾಂಡದ ಬದಲು ದಪ್ಪ ಹತ್ತಿಹಗ್ಗ ಅದ್ದಿ ಎರಡು ಕಂಬಗಳ ನಡುವೆ ಕಟ್ಟಿ, ತುದಿಗಳಿಗೆ ಗ್ರೀಸ್ ಬಳಿದರೆ ತಡೆಯಬಹುದು.

ಫೋಟೊ

ರೆಕ್ಕೆ ಮಡಿಸಿ ಕೂತ ಭಂಗಿಯೇ ಅರ್ಧ ಗುರುತು, ಹಾಗಾಗಿ ಬೆರಳಲ್ಲಿ ಕದಲಿಸುವ ಮೊದಲು ನೇರ ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು. ಬಿಳಿ ಪರದೆ ಮೊಬೈಲಿಗೆ ಮೋಸ ಮಾಡುತ್ತದೆ: ಬೆಳಕು ಹೆಚ್ಚಿದೆಯೆಂದು ಭ್ರಮಿಸಿ ಪತಂಗವನ್ನು ಕಪ್ಪಾಗಿಸುತ್ತದೆ. ಫೋಕಸ್ ಮಾಡಿ, ತೆರೆಯ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆಳೆಯಿರಿ. ಫ್ಲ್ಯಾಶ್ ಬೇಡ, ಟಿಶ್ಯೂ ಸುತ್ತಿದ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ.

ದಾಖಲೆ

ಒಂದು ಸಾಲಿನಲ್ಲಿ ಇಷ್ಟು ಇರಲಿ: ದಿನಾಂಕ, ಗಂಟೆ, ಊರು ಮತ್ತು ಜಿಪಿಎಸ್, ದೀಪದ ಬಗೆ, ಹವೆ, ಎಷ್ಟು ಕಂಡವು, ಫೋಟೊ ಸಂಖ್ಯೆ. ರಾತ್ರಿ 12 ದಾಟಿದರೆ ಮೊಬೈಲು ತಾರೀಖು ಬದಲಿಸುತ್ತದೆ. ಹೀಗಾಗಿ ‘ಜುಲೈ 20–21ರ ರಾತ್ರಿ’ ಎಂದು ಬರೆಯುವುದೇ ಸರಿ. ಪರದೆಗೆ ಏನೂ ಬಾರದ ರಾತ್ರಿಗೂ ಸಾಲು ಬೇಕು, ಸೊನ್ನೆಯೂ ಲೆಕ್ಕವೇ.

ಮಂಕು ಕಂದು ಪತಂಗಗಳನ್ನು ಬಿಡಬೇಡಿ. ಮುಸುಕಿನ ಜೋಳ ತಿನ್ನುವ ಫಾಲ್ ಸೈನಿಕ ಹುಳ ಭಾರತದಲ್ಲಿ ಮೊದಲು ದಾಖಲಾದದ್ದು 2018ರಲ್ಲಿ, ಕರ್ನಾಟಕದಲ್ಲೇ. ಅದರ ಪತಂಗ ಯಾರೂ ಎರಡನೇ ಸಲ ನೋಡದಷ್ಟು ಸಾಧಾರಣ.

ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಏರಿಸಿದರೆ ತಿಳಿದವರು ಗುರುತಿಸಿಕೊಡುತ್ತಾರೆ. ಆ್ಯಪ್ ತೋರಿಸಿದ ಮೊದಲ ಹೆಸರನ್ನೇ ಒತ್ತಬೇಡಿ. ಅದು ಕೆಲವೊಮ್ಮೆ ನಮ್ಮಲ್ಲಿಲ್ಲದ ಬಗೆಯನ್ನೂ ಸೂಚಿಸುತ್ತದೆ. ಖಚಿತವಿರುವ ಮಟ್ಟದಲ್ಲೇ ನಿಲ್ಲಿ, ‘ಹಾಕ್ ಪತಂಗದ ಕುಟುಂಬ’ ಎಂದಷ್ಟೇ ಬರೆದರೂ ಸಾಕು. ಸರಿಯಾದ ಹೆಸರನ್ನು ಆಮೇಲೆ ಯಾರಾದರೂ ಸೇರಿಸಬಹುದು, ಬರೆಯದೆ ಬಿಟ್ಟ ತಾರೀಖನ್ನು ಸೇರಿಸಲಾಗದು.